ಕಾಲಿನ ಮೇಲೆ ಕೆಂಪು-ನೀಲಿ ಗೆರೆಗಳು: ಸ್ಪೈಡರ್ ವೇನ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಏನೇನು ಮಾಡಬೇಕು?

"ಎರಡನೇ ಹೆರಿಗೆ ಆದಮೇಲೆ ತೊಡೆ ಮೇಲೆ ನೀಲಿ ಗೆರೆ ಬಂದಿವೆ, ಹೋಗುತ್ತವಾ?" "ಮೊಣಕಾಲಿನ ಪಕ್ಕ ಕೆಂಪಗೆ ಬಲೆ ಕಟ್ಟಿದ ಹಾಗಿದೆ, ಲೇಸರ್ ಮಾಡಿಸಲಾ?" "ಇದು ವೆರಿಕೋಸ್ ವೇನ್ಸೇ ಅಲ್ವಾ, ಆಪರೇಷನ್ ಬೇಕಾಗುತ್ತಾ?" ಓದುಗರಿಂದ ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಕೇಳುವವರಲ್ಲಿ ಜಾಸ್ತಿ ಜನ ಇಡೀ ದಿನ ನಿಂತೇ ಇರುವವರು. ಮೈಸೂರಿನ ಟೀಚರ್‌ಗಳು, ನರ್ಸ್‌ಗಳು, ಮಂಡ್ಯ-ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಹೋಟೆಲ್ ಅಡುಗೆಯವರು, ಬಸ್ ಕಂಡಕ್ಟರ್‌ಗಳು.

ಚಿಕ್ಕದಾಗಿ ಹೇಳಬೇಕೆಂದರೆ ಇಷ್ಟು. ಗೆರೆ ಮಾತ್ರ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಸುಮ್ನೆ ಬಿಟ್ಟರೂ ನಡೆಯುತ್ತದೆ. ಕಾಲು ಚೆನ್ನಾಗಿ ಕಾಣಬೇಕು ಅಂತ ಆಸೆ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಯಾವ ಚಿಕಿತ್ಸೆಗೂ ಮುಂಚೆ, ಈ ಗೆರೆಗಳ ಹಿಂದೆ ದೊಡ್ಡ ರಕ್ತನಾಳ ಏನಾದರೂ ಸೋರುತ್ತಿದೆಯಾ, ಅಂದರೆ ಒಳಗಿನ ರಕ್ತ ಹಿಂದಕ್ಕೆ ಇಳಿಯುತ್ತಿದೆಯಾ ಅಂತ ನೋಡಿಸಿಕೊಳ್ಳಬೇಕು. ಈ ಹೆಜ್ಜೆ ಬಿಟ್ಟು ನೇರವಾಗಿ ಪ್ಯಾಕೇಜ್‌ಗೆ ದುಡ್ಡು ಕಟ್ಟಿದರೆ ಹೋದ ಗೆರೆ ಬೇಗ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಇವು ಏನು, ಯಾಕೆ ಬರುತ್ತವೆ?

ಸ್ಪೈಡರ್ ವೇನ್ಸ್ ಅಂದರೆ ಚರ್ಮದ ಮೇಲ್ಭಾಗದಲ್ಲೇ ಹಿಗ್ಗಿಕೊಂಡ ಸಣ್ಣ ರಕ್ತನಾಳಗಳು. ದಪ್ಪ 1 ಮಿಲಿಮೀಟರ್‌ಗಿಂತ ಕಡಿಮೆ. ಕೆಂಪು, ನೀಲಿ ಅಥವಾ ನೇರಳೆ ಬಣ್ಣ. ಕೈಯಾಡಿಸಿದರೆ ಬೆರಳಿಗೆ ಸಿಗುವುದಿಲ್ಲ. ಇದಕ್ಕಿಂತ ಸ್ವಲ್ಪ ಆಳದಲ್ಲಿ ಹಸಿರು-ನೀಲಿಯಾಗಿ ಕಾಣುವ, 1ರಿಂದ 3 ಮಿಲಿಮೀಟರ್ ದಪ್ಪದ ನಾಳಗಳಿಗೆ ರೆಟಿಕ್ಯುಲರ್ ವೇನ್ಸ್ ಅಂತಾರೆ. 3 ಮಿಲಿಮೀಟರ್‌ಗೂ ದಪ್ಪವಾಗಿ, ನಿಂತಾಗ ಉಬ್ಬಿ, ಸುರುಳಿ ಸುತ್ತಿ, ಕೈಗೆ ಸಿಗುವಂಥವು ವೆರಿಕೋಸ್ ವೇನ್ಸ್.

ಡಾಕ್ಟರ್ ಚೀಟಿಯಲ್ಲಿ ಸಿ1, ಸಿ2 ಅಂತ ಬರೆದಿದ್ದರೆ ಗಾಬರಿ ಬೇಡ. ಅದು ಸಿ0ರಿಂದ ಸಿ6ರವರೆಗಿನ ಲೆಕ್ಕ. ಸಿ1 ಅಂದರೆ ಸ್ಪೈಡರ್ ಮತ್ತು ರೆಟಿಕ್ಯುಲರ್, ಸಿ2 ಅಂದರೆ ವೆರಿಕೋಸ್, ಸಿ3 ಅಂದರೆ ಊತ, ಸಿ4 ಅಂದರೆ ಚರ್ಮ ಕೆಡಲು ಶುರು. ಸಿ5 ಅಂದರೆ ಹುಣ್ಣಾಗಿ ವಾಸಿಯಾದದ್ದು, ಸಿ6 ಅಂದರೆ ಹುಣ್ಣು ಇನ್ನೂ ಇರುವುದು.

ಕಾಲಿನ ರಕ್ತ ಮೇಲೆ ಹೃದಯಕ್ಕೆ ಹತ್ತಬೇಕು. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ರಕ್ತ ಮೇಲೇರುತ್ತದೆ. ಏರಿದ್ದು ಕೆಳಗೆ ಜಾರದಂತೆ ತಡೆಯಲು ನಾಳದೊಳಗೆ ಒಂದೇ ಕಡೆ ತೆರೆಯುವ ಕವಾಟಗಳಿವೆ. ಕವಾಟ ಸಡಿಲವಾದರೆ ರಕ್ತ ವಾಪಸ್ ಇಳಿದು ಕೆಳಗೆ ಒತ್ತಡ ಹೆಚ್ಚುತ್ತದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಾಲೆಯ ತೂಬು ಸೋರುತ್ತಿದ್ದರೆ ಕೆಳಗಿನ ಗದ್ದೆಯ ನೀರು ಎಷ್ಟು ಬಸಿದರೂ ಮತ್ತೆ ತುಂಬುತ್ತದೆ. ಮೇಲಿನ ದೊಡ್ಡ ನಾಳ ಸೋರುತ್ತಿರುವಾಗ ಕೆಳಗಿನ ಗೆರೆಗಳಿಗೆ ಇಂಜೆಕ್ಷನ್ ಕೊಡಿಸುವುದೂ ಅದೇ ಕಥೆ.

ಹಾಗಂತ ಎಲ್ಲ ಸ್ಪೈಡರ್ ವೇನ್ಸ್ ಹಿಂದೆಯೂ ಸೋರಿಕೆ ಇರುವುದಿಲ್ಲ. ಮನೆತನದಲ್ಲಿ ಅಮ್ಮನಿಗೋ ಅಜ್ಜಿಗೋ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಬಸಿರು, ಹಾರ್ಮೋನ್ ಮಾತ್ರೆ, ವಯಸ್ಸು, ಮೈತೂಕ, ನಿಂತು ಮಾಡುವ ಕೆಲಸ, ಇವೆಲ್ಲ ಸೇರಿಕೊಳ್ಳುತ್ತವೆ. ಕಾಲ ಮೇಲೆ ಕಾಲು ಹಾಕಿ ಕೂತದ್ದಕ್ಕೆ ಬಂತು ಅಂತ ಅತ್ತೆ ಬೈದಿದ್ದರೆ, ಅದಕ್ಕೆ ಆಧಾರ ಇಲ್ಲ ಅಂತ ಧೈರ್ಯವಾಗಿ ಹೇಳಿ.

ಹಂತ 1: ಬೆಳಕಲ್ಲಿ ನಿಂತು ಕಾಲನ್ನು ಸರಿಯಾಗಿ ನೋಡಿ

ಸೀರೆ, ಚೂಡಿದಾರದೊಳಗೆ ಕಾಲು ಹೇಗಿದೆ ಅಂತ ನಾವು ನೋಡಿಕೊಳ್ಳುವುದೇ ಕಡಿಮೆ. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ಎರಡು ನಿಮಿಷ ನಿಲ್ಲಿ. ಮಲಗಿ ಅಥವಾ ಕೂತು ನೋಡಿದರೆ ಉಬ್ಬು ಇಳಿದುಬಿಡುತ್ತದೆ. ಹಿಂಭಾಗವನ್ನು ಮನೆಯವರ ಕೈಲಿ ಫೋಟೋ ತೆಗೆಸಿ. ಗೆರೆಯ ಪಕ್ಕ ಒಂದು ನಾಣ್ಯ ಹಿಡಿದು ತೆಗೆದರೆ ಅಳತೆ ಗೊತ್ತಾಗುತ್ತದೆ, ಮೂರು ತಿಂಗಳ ನಂತರ ಹೋಲಿಸುವುದಕ್ಕೂ ಬರುತ್ತದೆ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಗೆರೆಗಳು ಕೆಂಪಗೆ ಕಾಣುವುದಕ್ಕಿಂತ ಬೂದು-ನೀಲಿಯಾಗಿ ಕಾಣುವುದೇ ಹೆಚ್ಚು. ಇಂಟರ್ನೆಟ್‌ನಲ್ಲಿ ಬೆಳ್ಳಗಿನ ಕಾಲುಗಳ ಫೋಟೋ ನೋಡಿ "ನನ್ನದು ಹೀಗಿಲ್ಲ" ಅಂದುಕೊಳ್ಳಬೇಡಿ.

ನೋಡುವಾಗ ಮರೆಯದೆ ಪಾದದ ಗಂಟಿನ ಒಳಭಾಗ ನೋಡಿ. ಗಂಟಿನ ಕೆಳಗೆ, ಪಾದದ ಬದಿಯಲ್ಲಿ ಸಣ್ಣ ನೀಲಿ ಗೆರೆಗಳು ಬೀಸಣಿಗೆ ಬಿಚ್ಚಿದಂತೆ ಹರಡಿದ್ದರೆ ಅದನ್ನು ಸುಮ್ಮನೆ ಸ್ಪೈಡರ್ ವೇನ್ಸ್ ಅಂತ ಬಿಡುವಂತಿಲ್ಲ. ಮೇಲಿನ ನಾಳದಲ್ಲಿ ಒತ್ತಡ ಇದೆ ಅನ್ನುವುದಕ್ಕೆ ಅದು ಒಂದು ಗುರುತು. ಡಾಕ್ಟರ್‌ಗಳು ಸಿ4 ಗುಂಪಿನಲ್ಲಿ ಸೇರಿಸುವುದು ಇದನ್ನೇ. ತೊಡೆಯ ಮೇಲಿನ ನಾಲ್ಕು ಗೆರೆಗಿಂತ ಗಂಟಿನ ಹತ್ತಿರದ ಈ ಬೀಸಣಿಗೆ ಮುಖ್ಯ.

ಹಾಗೆಯೇ ಕಾಲಿನಲ್ಲಿ ಏನನ್ನಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸಂಜೆ ಭಾರ ಆಗುವುದು, ಎಳೆತ, ತುರಿಕೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಚಪ್ಪಲಿಯ ಪಟ್ಟಿ ಸಂಜೆ ಹೊತ್ತಿಗೆ ಬಿಗಿಯಾಗುವುದು. ಕಾಲು ಎತ್ತರಕ್ಕೆ ಇಟ್ಟಾಗ ಹಾಯೆನಿಸಿದರೆ ರಕ್ತನಾಳದ ಕಡೆಗೆ ಅನುಮಾನ ಹೋಗುತ್ತದೆ. ಪಾದ ಉರಿಯುವುದು, ಜೋಮು ಹಿಡಿಯುವುದು ಸಕ್ಕರೆ ಕಾಯಿಲೆಯಿಂದಲೂ ಇರಬಹುದು. ಸೊಂಟದಿಂದ ಕಾಲಿಗೆ ಇಳಿಯುವ ನೋವು ಬೆನ್ನಿನದ್ದು ಇರಬಹುದು. ಕಾಲು ನೋವಿಗೆಲ್ಲ ಈ ಗೆರೆಗಳನ್ನೇ ದೂರಬೇಡಿ.

ಹಂತ 2: ಕಾಯಬಾರದ ಲಕ್ಷಣಗಳು

ಇವು ಇದ್ದರೆ ಲೇಖನ ಇಲ್ಲಿಗೇ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದಕ್ಕೆ ಡಿವಿಟಿ ಅಂತಾರೆ. ಅವತ್ತೇ ತೋರಿಸಬೇಕು. ಜೊತೆಗೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಿದ್ದರೆ ಆಟೋ ಹುಡುಕುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ. ಹೆರಿಗೆ ಆಗಿ ಕೆಲವೇ ವಾರ ಆದವರು, ಇತ್ತೀಚೆಗೆ ಆಪರೇಷನ್ ಆಗಿ ಮಲಗಿದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇದರಲ್ಲಿ ಹೆಚ್ಚು ಎಚ್ಚರ ಇರಬೇಕು.

ಗಂಟಿನ ಸುತ್ತ ಚರ್ಮ ಕಂದು-ಕಪ್ಪಾಗಿ, ಗಟ್ಟಿಯಾಗಿ, ತುರಿಸುತ್ತಿದ್ದರೆ, ಅಥವಾ ಒಳಗಂಟಿನ ಮೇಲೆ ಮಾಯದ ಹುಣ್ಣಿದ್ದರೆ ಅದೂ ತಡ ಮಾಡುವ ವಿಷಯ ಅಲ್ಲ.

ಇನ್ನೊಂದು ರಕ್ತಸ್ರಾವ. ಗಂಟಿನ ಹತ್ತಿರದ ಉಬ್ಬಿದ ನಾಳ ಸ್ನಾನದಲ್ಲಿ ಉಜ್ಜುವಾಗಲೋ, ಗೀರಿದಾಗಲೋ ಒಡೆದರೆ ರಕ್ತ ಚಿಮ್ಮುತ್ತದೆ. ನೋಡಲು ಭಯಂಕರ, ಆದರೆ ನಿಲ್ಲಿಸುವುದು ಸುಲಭ. ತಕ್ಷಣ ನೆಲದ ಮೇಲೆ ಮಲಗಿ, ಕಾಲನ್ನು ಕುರ್ಚಿ ಮೇಲಿಟ್ಟು ಎದೆಗಿಂತ ಎತ್ತರ ಮಾಡಿ, ಮಡಚಿದ ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ತೆಗೆದು ನೋಡಬೇಡಿ. ನಿಂತುಕೊಂಡು ನಲ್ಲಿ ನೀರಿಗೆ ಕಾಲು ಒಡ್ಡುವುದು, ತೊಡೆಗೆ ಹಗ್ಗ ಕಟ್ಟುವುದು ಎರಡೂ ತಪ್ಪು. ಅರಿಶಿನ, ಕಾಫಿಪುಡಿ ಮೆತ್ತುವುದೂ ಬೇಡ. ರಕ್ತ ನಿಂತ ಮೇಲೆ ಬ್ಯಾಂಡೇಜ್ ಕಟ್ಟಿ ಆಸ್ಪತ್ರೆಗೆ ಹೋಗಿ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಂಬುಲೆನ್ಸ್ ಕರೆಸಿ.

ಹಂತ 3: ಸರಿಯಾದ ಡಾಕ್ಟರ್ ಹತ್ತಿರ ಹೋಗಿ

ನಮ್ಮ ಕಡೆ ಇದನ್ನು "ನರ ಉಬ್ಬಿದೆ" ಅನ್ನುವುದು ರೂಢಿ. ಹಾಗಾಗಿ ಕೆಲವರು ನೇರ ನರರೋಗದ ಡಾಕ್ಟರ್ ಹತ್ತಿರ ಹೋಗಿ ಒಂದು ದಿನ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಮೆಡಿಕಲ್ ಸ್ಟೋರ್‌ನಲ್ಲಿ "ನರಕ್ಕೆ ಶಕ್ತಿ" ಅಂತ ಬಿ12 ಮಾತ್ರೆ ತಗೊಂಡು ತಿಂಗಳುಗಟ್ಟಲೆ ನುಂಗುತ್ತಾರೆ. ಅದು ಈ ಗೆರೆಗಳಿಗೆ ಏನೂ ಮಾಡುವುದಿಲ್ಲ.

ಗೆರೆ ಜೊತೆ ಉಬ್ಬು, ಊತ, ಭಾರ, ಚರ್ಮದ ಬಣ್ಣ ಬದಲಾವಣೆ ಇದ್ದರೆ ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಶಸ್ತ್ರಚಿಕಿತ್ಸಕರು), ಅವರು ಸಿಗದಿದ್ದರೆ ಜನರಲ್ ಸರ್ಜನ್. ಬರೀ ಸಣ್ಣ ಗೆರೆ, ಅಥವಾ ಮುಖದ ಮೇಲಿನ ಗೆರೆ ಆದರೆ ಚರ್ಮದ ಡಾಕ್ಟರ್. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಹತ್ತಿರದ ಆದಿಚುಂಚನಗಿರಿ ಆಸ್ಪತ್ರೆ, ಇವೆಲ್ಲ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳು. ಸರ್ಜರಿ ಮತ್ತು ಚರ್ಮ ಎರಡೂ ವಿಭಾಗದ ಒಪಿಡಿ ಇರುತ್ತದೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಚೀಟಿ ಕೌಂಟರ್‌ನಲ್ಲಿ "ಕಾಲಿನ ರಕ್ತನಾಳದ ತೊಂದರೆ" ಅಂತಲೇ ಹೇಳಿ. ಅವತ್ತು ಬಿಗಿ ಜೀನ್ಸ್, ಲೆಗಿಂಗ್ಸ್ ಹಾಕಿಕೊಳ್ಳಬೇಡಿ, ತೊಡೆವರೆಗೆ ಸರಿಸುವಂಥ ಸಡಿಲ ಬಟ್ಟೆ ಇರಲಿ. ಮನೆಯಲ್ಲಿ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ.

ಬ್ಯೂಟಿ ಪಾರ್ಲರ್‌ನಲ್ಲಿ, ಡಾಕ್ಟರ್ ಇಲ್ಲದ "ಸ್ಕಿನ್ ಸೆಂಟರ್"ಗಳಲ್ಲಿ ಇದಕ್ಕೆ ಕೈ ಹಾಕಿಸಬೇಡಿ. ಮೊದಲ ಭೇಟಿಯಲ್ಲೇ ಕಾಲನ್ನು ನಿಲ್ಲಿಸಿ ನೋಡದೆ, ರಿಸೆಪ್ಷನ್‌ನಲ್ಲಿ ಪ್ಯಾಕೇಜ್ ದರ ಹೇಳಿ "ಇವತ್ತು ಕಟ್ಟಿದರೆ ಆಫರ್" ಅಂದರೆ ಎದ್ದು ಬನ್ನಿ. "ಜೀವಮಾನ ಗ್ಯಾರಂಟಿ" ಅಂದರಂತೂ ಇನ್ನೂ ಬೇಗ ಎದ್ದು ಬನ್ನಿ. ಹೊಸ ಗೆರೆ ಬರುವುದಿಲ್ಲ ಅಂತ ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ.

ಹಂತ 4: ನಿಂತುಕೊಂಡು ಡಾಪ್ಲರ್ ಸ್ಕ್ಯಾನ್

ಜನ ಎಡವುವುದು ಇಲ್ಲೇ ಜಾಸ್ತಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಾಪ್ಲರ್ ಅಂದರೆ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಅಲ್ಟ್ರಾಸೌಂಡ್. ಸೂಜಿ ಇಲ್ಲ, ನೋವಿಲ್ಲ, ಎಕ್ಸ್-ರೇ ಥರದ ವಿಕಿರಣ ಇಲ್ಲ, ಉಪವಾಸ ಇರಬೇಕಾಗಿಲ್ಲ. ಸೋರಿಕೆ ನೋಡುವ ಸ್ಕ್ಯಾನ್‌ನಲ್ಲಿ ನಿಮ್ಮನ್ನು ನಿಲ್ಲಿಸಿ, ತೂಕವನ್ನು ಇನ್ನೊಂದು ಕಾಲಿನ ಮೇಲೆ ಹಾಕಿಸುತ್ತಾರೆ. ತೊಡೆಸಂದಿಗೆ ತಣ್ಣನೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಇನ್ನೊಂದು ಕೈಯಿಂದ ಮೀನಖಂಡ ಹಿಂಡಿ ಬಿಡುತ್ತಾರೆ. ಹಿಂಡಿದಾಗ ಪರದೆ ಮೇಲೆ ಒಂದು ಬಣ್ಣ. ಬಿಟ್ಟಾಗ ಕವಾಟ ಸರಿ ಇದ್ದರೆ ಬಣ್ಣ ಮಾಯವಾಗುತ್ತದೆ. ಸೋರುತ್ತಿದ್ದರೆ ಇನ್ನೊಂದು ಬಣ್ಣ ಬಂದು ರಕ್ತ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಚರ್ಮದ ಕೆಳಗಿನ ನಾಳಗಳಲ್ಲಿ ಹೀಗೆ ಅರ್ಧ ಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಹಿಂದಕ್ಕೆ ಹರಿದರೆ ಅದನ್ನು ರಿಫ್ಲಕ್ಸ್, ಅಂದರೆ ಹಿಮ್ಮುಖ ಹರಿವು, ಅಂತ ಬರೆಯುತ್ತಾರೆ.

ಈಗ ಎಡವುವ ಜಾಗ. ಮಲಗಿಸಿ ಬೇಗನೆ ಮಾಡುವ ಡಾಪ್ಲರ್ ಒಂದಿದೆ. ಅದು ಹೆಪ್ಪು ಇದೆಯಾ ಇಲ್ಲವಾ ನೋಡಲಿಕ್ಕೆ. ರಿಪೋರ್ಟ್‌ನಲ್ಲಿ "ಡಿವಿಟಿ ಇಲ್ಲ" ಅಂತ ಬಂದ ತಕ್ಷಣ "ಎಲ್ಲ ನಾರ್ಮಲ್" ಅಂತ ಮನೆಗೆ ಬಂದುಬಿಡುತ್ತಾರೆ. ಹೆಪ್ಪು ಇಲ್ಲದಿರುವುದು ಬೇರೆ, ಸೋರಿಕೆ ಇಲ್ಲದಿರುವುದು ಬೇರೆ. ಚೀಟಿಯಲ್ಲಿ ರಿಫ್ಲಕ್ಸ್ ನೋಡಲು ಅಂತ ಬರೆಸಿಕೊಳ್ಳಿ. ಸ್ಕ್ಯಾನ್ ಕೋಣೆಯಲ್ಲಿ "ನಿಲ್ಲಿಸಿ ನೋಡ್ತೀರಾ ಸಾರ್?" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಪರವಾಗಿಲ್ಲ. ರಿಪೋರ್ಟ್‌ನಲ್ಲಿ ಗ್ರೇಟ್ ಸಫೇನಸ್ ವೇನ್ (ಗಂಟಿನಿಂದ ತೊಡೆಸಂದಿವರೆಗೆ ಒಳಬದಿಯಲ್ಲಿ ಹೋಗುವ ಉದ್ದನೆ ನಾಳ) ಮತ್ತು ಸ್ಮಾಲ್ ಸಫೇನಸ್ ವೇನ್ (ಮೀನಖಂಡದ ಹಿಂದಿನದು) ಎರಡರ ಬಗ್ಗೆಯೂ ಬರೆದಿರಬೇಕು.

ಎಲ್ಲರಿಗೂ ಸ್ಕ್ಯಾನ್ ಬೇಕೇಬೇಕು ಅಂತಲ್ಲ. ತೊಡೆಯ ಹೊರಬದಿಯಲ್ಲಿ ಎಲ್ಲೋ ನಾಲ್ಕು ಗೆರೆ, ಊತ ಇಲ್ಲ, ನೋವಿಲ್ಲ, ಉಬ್ಬಿಲ್ಲ ಅಂದರೆ ಡಾಕ್ಟರ್ ನಿಲ್ಲಿಸಿ ನೋಡಿ "ಸ್ಕ್ಯಾನ್ ಬೇಡ" ಅನ್ನಬಹುದು. ಅದೂ ಸರಿಯೇ. ನೋಡದೆ ಬೇಡ ಅನ್ನುವುದು ಮಾತ್ರ ಸರಿಯಲ್ಲ.

ಸೋರಿಕೆ ಸಿಕ್ಕರೆ ಮೊದಲು ಅದರ ಚಿಕಿತ್ಸೆ. ನಾಳದೊಳಗೆ ತೆಳ್ಳನೆ ತಂತಿಯಂಥದ್ದನ್ನು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಮುಚ್ಚುತ್ತಾರೆ. ಇಲ್ಲವೇ ಅಂಟು ಅಥವಾ ನೊರೆ ಔಷಧಿ ಬಿಟ್ಟು ಮುಚ್ಚುತ್ತಾರೆ. ಹಳೆಯ ಆಪರೇಷನ್ ಕೂಡ ಇದೆ. ಬಿಸಿಯಿಂದ ಮುಚ್ಚುವ ವಿಧಾನದಲ್ಲಿ ಸಾಮಾನ್ಯವಾಗಿ ಜಾಗಕ್ಕೆ ಮಾತ್ರ ಅರಿವಳಿಕೆ ಸಾಕು, ಅವತ್ತೇ ಎಬ್ಬಿಸಿ ನಡೆಸುತ್ತಾರೆ. ಅದಾದ ಮೇಲೆ ಉಳಿದ ಸಣ್ಣ ಗೆರೆಗಳ ಸರದಿ.

ಹಂತ 5: ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್

ಮೊದಲೇ ಹೇಳಿಬಿಡುತ್ತೇನೆ, ಕಾಲುಚೀಲ ಹಾಕಿದರೆ ಬಂದ ಗೆರೆ ಹೋಗುವುದಿಲ್ಲ. ಭಾರ, ಊತ ಕಡಿಮೆ ಆಗುತ್ತದೆ. ಇಂಜೆಕ್ಷನ್ ಆದಮೇಲೆ ಫಲಿತಾಂಶಕ್ಕೆ ಸಹಾಯ ಮಾಡುತ್ತದೆ. ಡಯೋಸ್ಮಿನ್ ಇರುವ ಮಾತ್ರೆಗಳೂ ಅಷ್ಟೇ, ಭಾರ-ಊತಕ್ಕೆ ಸ್ವಲ್ಪ ಆರಾಮ, ಗೆರೆ ಅಳಿಸುವುದಿಲ್ಲ.

ಕಾಲುಚೀಲಕ್ಕೆ ಒತ್ತಡದ ಕ್ಲಾಸ್ ಇರುತ್ತದೆ. ಯುರೋಪಿನ ಲೆಕ್ಕದಲ್ಲಿ ಕ್ಲಾಸ್ 1 ಅಂದರೆ 18–21, ಕ್ಲಾಸ್ 2 ಅಂದರೆ 23–32 ಎಂಎಂ ಎಚ್‌ಜಿ (ಬಿಪಿ ಅಳೆಯುವ ಅದೇ ಲೆಕ್ಕ). ಡಾಕ್ಟರ್ ಯಾವುದು ಹೇಳಿದರೋ ಅದನ್ನೇ ಕೇಳಿ. ಅಂಗಡಿಯವರು ಕಣ್ಣಳತೆಯಲ್ಲಿ "ನಿಮಗೆ ಎಲ್ ಸೈಜ್ ಆಗುತ್ತೆ ಮೇಡಂ" ಅಂದರೆ ತಗೋಬೇಡಿ. ಬೆಳಗ್ಗೆ ಊತ ಇಲ್ಲದಾಗ ಟೇಪಿನಿಂದ ಗಂಟಿನ ಮೇಲಿನ ಸಣ್ಣ ಭಾಗ, ಮೀನಖಂಡದ ದಪ್ಪ ಭಾಗ ಅಳೆದು ಬರೆದುಕೊಂಡು ಹೋಗಿ. ಮೊಣಕಾಲಿನ ಕೆಳಗಿನದೇ ಸಾಕಾಗುವುದು ಹೆಚ್ಚು. ತೊಡೆಗೆ ಇಂಜೆಕ್ಷನ್ ಆಗಿದ್ದರೆ ತೊಡೆವರೆಗಿನದು ಬೇಕಾಗಬಹುದು.

ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು, ನಡೆದಾಗ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುವವರು ತಾವಾಗಿ ತಂದು ಹಾಕಿಕೊಳ್ಳಲೇಬಾರದು. ಕಾಲಿಗೆ ರಕ್ತ ತರುವ ಧಮನಿ ಕಿರಿದಾಗಿದ್ದರೆ ಬಿಗಿ ಚೀಲದಿಂದ ಕಾಲಿಗೇ ಅಪಾಯ. ಡಾಕ್ಟರ್ ಪಾದದ ನಾಡಿ ನೋಡಿ, ಬೇಕಾದರೆ ಗಂಟು ಮತ್ತು ತೋಳಿನ ಬಿಪಿ ಹೋಲಿಸಿ ಆಮೇಲೆ ಹೇಳಲಿ.

ಹಾಕುವುದು ಒಂದು ಕಲೆ. ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಹಾಕಬೇಕು. ಸ್ನಾನ ಮಾಡಿ ಹಾಕುವುದಾದರೆ ಹತ್ತು ನಿಮಿಷ ಕಾಲು ಎತ್ತಿ ಮಲಗಿ, ಆಮೇಲೆ ಹಾಕಿ. ಕಾಲುಂಗುರ, ಕಾಲುಚೈನು ತೆಗೆದಿಡಿ. ಅವುಗಳ ತುದಿಗೆ ಸಿಕ್ಕಿ ಹೊಸ ಚೀಲ ಎಳೆ ಬಿಟ್ಟುಕೊಳ್ಳುತ್ತದೆ, ಚರ್ಮಕ್ಕೂ ಒತ್ತುತ್ತದೆ. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು ಬೆರಳು ಹೊರಗಿರುವ ಮಾದರಿಯನ್ನು ಕೇಳಿ. ಒಡೆದ ಹಿಮ್ಮಡಿ ಇದ್ದರೆ ರಾತ್ರಿ ವ್ಯಾಸಲೀನ್ ಹಚ್ಚಿ ಮೆತ್ತಗೆ ಮಾಡಿಕೊಳ್ಳಿ, ಬೆಳಗ್ಗೆ ಒರೆಸಿ. ಚೀಲವನ್ನು ಹಿಮ್ಮಡಿವರೆಗೆ ಒಳಗಿಂದ ಹೊರಕ್ಕೆ ತಿರುಗಿಸಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಸವರುತ್ತಾ ಬನ್ನಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಮೇಲಿನ ಅಂಚು ಉದ್ದ ಆಯಿತು ಅಂತ ಮಡಚಬೇಡಿ. ಮಡಚಿದ ಜಾಗದಲ್ಲಿ ಒತ್ತಡ ಎರಡರಷ್ಟಾಗಿ, ಕಾಲಿಗೆ ದಾರ ಕಟ್ಟಿದಂತೆ ಆಗುತ್ತದೆ.

ರಾತ್ರಿ ತೆಗೆದು ತೊಳೆದು ನೆರಳಲ್ಲಿ ಒಣಗಿಸಿ. ಆರು ತಿಂಗಳ ಹೊತ್ತಿಗೆ ಬಿಗಿ ಕಳೆದುಕೊಳ್ಳುತ್ತದೆ, ಬದಲಿಸಬೇಕು. ಏಪ್ರಿಲ್‌ನ ಮಂಡ್ಯದ ಬಿಸಿಲಲ್ಲಿ ಇದನ್ನು ಹಾಕಿಕೊಂಡು ಕೆಲಸ ಮಾಡುವುದು ಹಿಂಸೆ, ಅದನ್ನು ಒಪ್ಪಿಕೊಳ್ಳೋಣ. ಅರ್ಜೆಂಟ್ ಇಲ್ಲದವರು ಇಂಜೆಕ್ಷನ್ ಚಿಕಿತ್ಸೆಯನ್ನು ದೀಪಾವಳಿ ಆದಮೇಲೆ ಶುರು ಮಾಡಿ ಶಿವರಾತ್ರಿಯೊಳಗೆ ಮುಗಿಸಿಕೊಳ್ಳುವುದು ಜಾಣತನ.

ಹಂತ 6: ಇಂಜೆಕ್ಷನ್ ಚಿಕಿತ್ಸೆ, ಅಂದರೆ ಸ್ಕ್ಲೆರೋಥೆರಪಿ

ಕಾಲಿನ ಸ್ಪೈಡರ್ ವೇನ್ಸ್‌ಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಇದೇ. ಗೆರೆಯೊಳಗೆ ಔಷಧಿ ಬಿಟ್ಟಾಗ ನಾಳದ ಒಳಗೋಡೆ ಕೆರಳಿ, ಅಂಟಿಕೊಂಡು ಮುಚ್ಚುತ್ತದೆ. ಮುಚ್ಚಿದ ನಾಳವನ್ನು ದೇಹ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. "ರಕ್ತನಾಳ ಮುಚ್ಚಿದರೆ ರಕ್ತ ಓಡಾಡುವುದು ಹೇಗೆ?" ಅಂತ ಕೇಳುವವರಿದ್ದಾರೆ. ಕೆಟ್ಟ ನಾಳ ಹೋದರೆ ರಕ್ತ ಪಕ್ಕದ ಸರಿಯಾದ ನಾಳಗಳಲ್ಲಿ ಹೋಗುತ್ತದೆ, ನಷ್ಟ ಏನಿಲ್ಲ.

ಔಷಧಿಗಳಲ್ಲಿ ಮುಖ್ಯವಾದವು ಎರಡು: ಪಾಲಿಡೊಕನಾಲ್ ಮತ್ತು ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್. ಪಾಲಿಡೊಕನಾಲ್ ಆದರೆ ಸ್ಪೈಡರ್ ವೇನ್ಸ್‌ಗೆ ಸಾಮಾನ್ಯವಾಗಿ 0.5%, ರೆಟಿಕ್ಯುಲರ್‌ಗೆ 1%. ಯಾವ ಔಷಧಿ, ಎಷ್ಟು ಪರ್ಸೆಂಟ್ ಅಂತ ಕೇಳಿ ಬರೆಸಿಕೊಳ್ಳುವುದು ನಿಮ್ಮ ಹಕ್ಕು.

ಮುಂಚಿತವಾಗಿ ಡಾಕ್ಟರ್‌ಗೆ ಇವನ್ನು ಹೇಳಲೇಬೇಕು: ಬಸಿರಿ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಔಷಧಿ ಅಲರ್ಜಿ ಅಥವಾ ಆಸ್ತಮಾ ಇದ್ದರೆ, ಕಣ್ಣು ಮುಂದೆ ಮಿಂಚು ಬಂದು ತಲೆನೋವು ಬರುವ ಮೈಗ್ರೇನ್ ಇದ್ದರೆ, ಹೃದಯದಲ್ಲಿ ರಂಧ್ರ ಇದೆ ಅಂತ ಗೊತ್ತಿದ್ದರೆ, ಗರ್ಭನಿರೋಧಕ ಅಥವಾ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ. ಬಸಿರಿಯರಿಗೆ ಈ ಚಿಕಿತ್ಸೆ ಮಾಡುವುದಿಲ್ಲ. ಬಸಿರಲ್ಲಿ ಬಂದ ಗೆರೆಗಳು ಹೆರಿಗೆ ಆದ ಮೇಲಿನ ತಿಂಗಳುಗಳಲ್ಲಿ ಎಷ್ಟೋ ಕಡಿಮೆ ಆಗುತ್ತವೆ, ಕಾದು ನೋಡಿ.

ಇಂಜೆಕ್ಷನ್ ದಿನ ಕಾಲಿಗೆ ಎಣ್ಣೆ, ಲೋಷನ್ ಹಚ್ಚಬೇಡಿ. ಹೊಟ್ಟೆಗೆ ತಿಂಡಿ ತಿಂದು ಹೋಗಿ. ಟೇಬಲ್ ಮೇಲೆ ಮಲಗಿಸಿ, ಸ್ಪಿರಿಟ್ ಒರೆಸಿ, ಕೂದಲೆಳೆಯಷ್ಟು ತೆಳ್ಳನೆ ಸೂಜಿಯಿಂದ ಒಂದೊಂದೇ ಗೆರೆಗೆ ಔಷಧಿ ಬಿಡುತ್ತಾರೆ. ಔಷಧಿ ಹೋದಂತೆ ಗೆರೆ ಕಣ್ಣೆದುರಿಗೇ ಒಂದು ಕ್ಷಣ ಬೆಳ್ಳಗಾಗುತ್ತದೆ. ಚುರುಕ್ ಅನ್ನುತ್ತದೆ, ಸ್ವಲ್ಪ ಉರಿ, ಕೆಲವರಿಗೆ ಸ್ನಾಯು ಹಿಡಿದಂತೆ, ಅಷ್ಟೇ. ಚುಚ್ಚಿದ ಜಾಗದಲ್ಲಿ ತೀರಾ ನೋವಾದರೆ ತಡೆದುಕೊಳ್ಳಬೇಡಿ, ಆಗಲೇ ಹೇಳಿ. ಔಷಧಿ ನಾಳದ ಹೊರಗೆ ಬಿದ್ದಿರಬಹುದು. ಮುಗಿದ ಮೇಲೆ ಹತ್ತಿ ಒತ್ತಿ ಟೇಪ್ ಹಾಕಿ, ಕಾಲುಚೀಲ ತೊಡಿಸುತ್ತಾರೆ. ಆಮೇಲೆ ಬೈಕ್ ಹತ್ತಿ ಹೊರಡಬೇಡಿ. ಅರ್ಧ ಗಂಟೆ ನಡೆಯಿರಿ.

ಮೊದಲ ಎರಡು ವಾರ ಕಾಲು ಮುಂಚೆಗಿಂತ ಕೆಟ್ಟದಾಗಿ ಕಾಣುತ್ತದೆ. ಸೊಳ್ಳೆ ಕಚ್ಚಿದಂಥ ದದ್ದು, ನೀಲಿಗಟ್ಟಿದ ಕಲೆ. ಹೆದರಿ ಇನ್ನೊಬ್ಬ ಡಾಕ್ಟರ್ ಹತ್ತಿರ ಓಡುವವರು ಈ ಹೊತ್ತಲ್ಲೇ ಓಡುವುದು. ಸ್ಪೈಡರ್ ವೇನ್ಸ್ ಮಾಸಲು 3ರಿಂದ 6 ವಾರ ಬೇಕು, ಸ್ವಲ್ಪ ದಪ್ಪನೆಯವಕ್ಕೆ 3–4 ತಿಂಗಳು. ಒಂದೇ ಸಲಕ್ಕೆ ಮುಗಿಯುವುದು ಕಡಿಮೆ, ಸಿಟ್ಟಿಂಗ್‌ಗಳ ನಡುವೆ ವಾರಗಟ್ಟಲೆ ಬಿಡುವು ಕೊಡುತ್ತಾರೆ. ವಾರವಾರವೂ ಅದೇ ಜಾಗಕ್ಕೆ ಚುಚ್ಚುತ್ತೇವೆ ಅಂದರೆ ಯಾಕೆ ಅಂತ ಕೇಳಿ.

ಅಡ್ಡಪರಿಣಾಮಗಳಲ್ಲಿ ನಮ್ಮ ಚರ್ಮಕ್ಕೆ ಮುಖ್ಯವಾದದ್ದು ಕಂದು ಕಲೆ. ಗೆರೆ ಹೋಗಿ ಅದೇ ಜಾಗದಲ್ಲಿ ಕಂದು ಗೆರೆ ಉಳಿಯಬಹುದು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಮಾಸುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ನಾಳದೊಳಗೆ ಗಟ್ಟಿ ರಕ್ತ ಉಳಿದು ಗಂಟಾಗಿದ್ದರೆ ಡಾಕ್ಟರ್ ಸೂಜಿಯಿಂದ ತೆಗೆಯುತ್ತಾರೆ, ತೆಗೆಸಿದರೆ ಕಲೆ ಕಡಿಮೆ. ಇನ್ನೊಂದು ಮ್ಯಾಟಿಂಗ್: ಚಿಕಿತ್ಸೆ ಆದ ಜಾಗದ ಸುತ್ತ ಇನ್ನೂ ಸಣ್ಣ ಕೆಂಪು ಗೆರೆಗಳ ಗುಂಪು ಹುಟ್ಟುವುದು. ಬಹಳ ಸಲ ತಾನೇ ಹೋಗುತ್ತದೆ. ಚರ್ಮ ಹುಣ್ಣಾಗುವುದು, ತೀವ್ರ ಅಲರ್ಜಿ, ಡಿವಿಟಿ ಅಪರೂಪ, ಆದರೆ ಆಗಬಹುದು. ಅದಕ್ಕೇ ಈ ಕೆಲಸ ಡಾಕ್ಟರ್ ಇರುವ, ಎಮರ್ಜೆನ್ಸಿ ಔಷಧಿ ಇರುವ ಜಾಗದಲ್ಲೇ ಆಗಬೇಕು.

ಹಂತ 7: ಲೇಸರ್, ಮತ್ತು ಮುಖದ ಗೆರೆಗಳು

ಲೇಸರ್ ಅಂದರೆ ಇಂಜೆಕ್ಷನ್‌ಗಿಂತ ಮೇಲು ಅನ್ನುವ ಭಾವನೆ ಇದೆ. ಕಾಲಿನ ಗೆರೆಗಳ ಮಟ್ಟಿಗೆ ಅದು ನಿಜವಲ್ಲ. ಸೂಜಿ ತೂರದಷ್ಟು ಸಣ್ಣ ಗೆರೆಗೆ, ಸೂಜಿ ಕಂಡರೆ ಆಗದವರಿಗೆ, ಔಷಧಿ ಅಲರ್ಜಿ ಇರುವವರಿಗೆ ಅದು ಉಪಯೋಗ. ಲೇಸರ್ ಬೆಳಕು ರಕ್ತದ ಬಣ್ಣಕ್ಕೆ ಹೋಗಿ ಬಿಸಿ ಮಾಡಬೇಕು. ಆದರೆ ಚರ್ಮದಲ್ಲಿ ಕಪ್ಪು ಬಣ್ಣ ಜಾಸ್ತಿ ಇದ್ದರೆ ಬೆಳಕನ್ನು ಅದೇ ಹೀರಿಕೊಂಡು ಚರ್ಮ ಸುಡುತ್ತದೆ. ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಉಳಿದವಕ್ಕಿಂತ ಸುರಕ್ಷಿತ. "ಯಾವ ಲೇಸರ್?" ಅಂತ ಕೇಳಿದರೆ ಹೆಸರು ಹೇಳಲು ಬರಬೇಕು. ಒಂದು ಸಣ್ಣ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ ಕೆಲವು ವಾರ ಕಾಯುವುದು ಒಳ್ಳೆಯದು. ಗದ್ದೆ ಕೆಲಸ, ಬಿಸಿಲಲ್ಲಿ ತಿರುಗಾಟ ಇದ್ದು ಚರ್ಮ ಕಪ್ಪಾಗಿದ್ದಾಗ ಮಾಡಿಸಬೇಡಿ.

ಮುಖದ ಕೆನ್ನೆ, ಮೂಗಿನ ಪಕ್ಕದ ಕೆಂಪು ಗೆರೆಗಳ ಲೆಕ್ಕವೇ ಬೇರೆ. ಅಲ್ಲಿ ಇಂಜೆಕ್ಷನ್ ಬದಲು ಲೇಸರ್ ಜಾಸ್ತಿ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ: ಮುಖಕ್ಕೆ ಯಾವ ಕ್ರೀಮ್ ಹಚ್ಚುತ್ತೀರಿ? ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅನ್ನುವ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್. ಬೆಳ್ಳಗಾಗಲಿ ಅಂತ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ನಾಳಗಳು ಕಾಣಲು ಶುರುವಾಗುತ್ತವೆ. ಅದನ್ನು ಹಚ್ಚುತ್ತಲೇ ಲೇಸರ್ ಮಾಡಿಸುವುದು ದುಡ್ಡು ದಂಡ. ಒಮ್ಮೆಲೇ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಹಾಗಾಗಿ ಚರ್ಮದ ಡಾಕ್ಟರ್ ಹೇಳಿದಂತೆ ಬಿಡಿಸಿಕೊಳ್ಳಿ.

ಎದೆ, ಭುಜ, ಮುಖದ ಮೇಲೆ ನಡುವೆ ಒಂದು ಕೆಂಪು ಚುಕ್ಕೆ, ಸುತ್ತ ಕಾಲುಗಳಂತೆ ಗೆರೆ ಇರುವುದು ಸ್ಪೈಡರ್ ನೀವಸ್. ನಡುವಿನ ಚುಕ್ಕೆಯನ್ನು ಪೆನ್ನಿನ ತುದಿಯಿಂದ ಒತ್ತಿದರೆ ಗೆರೆಗಳೆಲ್ಲ ಮಾಯ, ಬಿಟ್ಟರೆ ನಡುವಿನಿಂದ ಹೊರಗೆ ತುಂಬಿಕೊಳ್ಳುತ್ತವೆ. ಮಕ್ಕಳಲ್ಲಿ, ಬಸಿರಿಯರಲ್ಲಿ ಒಂದೆರಡು ಇದ್ದರೆ ತೊಂದರೆ ಇಲ್ಲ. ದೊಡ್ಡವರಲ್ಲಿ, ಅದರಲ್ಲೂ ಕುಡಿಯುವ ಅಭ್ಯಾಸ ಇರುವ ಗಂಡಸರಲ್ಲಿ ಹೊಸದಾಗಿ ಹಲವು ಕಂಡರೆ ಲಿವರ್ ಪರೀಕ್ಷೆ ಮಾಡಿಸಿ.

ಹಂತ 8: ಆಮೇಲಿನ ದಿನಗಳು

ಇಂಜೆಕ್ಷನ್ ಆದ ಮೇಲೆ ದಿನಾ ನಡಿಗೆ ಇರಲಿ. ಕುಕ್ಕರಹಳ್ಳಿ ಕೆರೆ ಸುತ್ತುವುದಾದರೂ ಸರಿ, ಮನೆ ಮುಂದಿನ ರಸ್ತೆಯಲ್ಲಾದರೂ ಸರಿ. ಕೆಲವು ದಿನ ಸುಡುನೀರಿನ ಸ್ನಾನ, ಜಿಮ್‌ನಲ್ಲಿ ಭಾರ ಎತ್ತುವುದು, ದೂರದ ಬಸ್ ಪ್ರಯಾಣ ಬೇಡ. ಎಣ್ಣೆ ಸ್ನಾನ ಆಮೇಲೆ ಮಾಡಬಹುದು. ಉಬ್ಬಿದ, ನೋಯುವ ನಾಳದ ಮೇಲೆ ಮಾತ್ರ ಯಾವತ್ತೂ ಒತ್ತಿ ತಿಕ್ಕಿಸಬೇಡಿ.

ನಿಂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ. ಪಾಠ ಮಾಡುತ್ತಲೇ, ಗಿರಾಕಿಗೆ ಲೆಕ್ಕ ಕೊಡುತ್ತಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಮಂಡ್ಯದಿಂದ ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡುವವರು ಕೂತಲ್ಲೇ ಪಾದ ಮೇಲೆ-ಕೆಳಗೆ ಆಡಿಸಿ. ಮನೆಗೆ ಬಂದು ಕಾಲ ಕೆಳಗೆ ಎರಡು ದಿಂಬಿಟ್ಟು ಹದಿನೈದು ನಿಮಿಷ ಮಲಗಿ. ಹೊಸ ಗೆರೆ ಬರುವುದನ್ನು ಇದು ಪೂರ್ತಿ ತಡೆಯುವುದಿಲ್ಲ, ಕಾಲು ಹಗುರ ಅನ್ನಿಸುವುದು ಮಾತ್ರ ಖಂಡಿತ.

ಸರಿಯಾಗಿ ಮಾಡಿದ ಎರಡು ಸಿಟ್ಟಿಂಗ್ ಆದರೂ ಫೋಟೋದಲ್ಲಿ ವ್ಯತ್ಯಾಸ ಕಾಣದಿದ್ದರೆ ಮೂರನೆಯದಕ್ಕೆ ದುಡ್ಡು ಕಟ್ಟುವುದನ್ನು ನಿಲ್ಲಿಸಿ. ಸೋರಿಕೆ ತಪ್ಪಿಹೋಗಿದೆಯಾ ಅಂತ ಮತ್ತೆ ಸ್ಕ್ಯಾನ್ ಮಾಡಿಸಿ, ಬೇರೆ ಡಾಕ್ಟರ್ ಅಭಿಪ್ರಾಯ ಕೇಳಿ.

ದುಡ್ಡಿನ ಮಾತು

ಖಾಸಗಿ ಕ್ಲಿನಿಕ್‌ನಲ್ಲಿ ದರ ಸಾಮಾನ್ಯವಾಗಿ ಸಿಟ್ಟಿಂಗ್ ಲೆಕ್ಕ. ಹಾಗಾಗಿ "ಒಂದಕ್ಕೆ ಎಷ್ಟು?" ಅಂತ ಕೇಳಿದರೆ ಸಾಲದು. ನನ್ನ ಕಾಲಿಗೆ ಅಂದಾಜು ಎಷ್ಟು ಸಿಟ್ಟಿಂಗ್, ಔಷಧಿ, ಕಾಲುಚೀಲ, ಸ್ಕ್ಯಾನ್ ಅದರಲ್ಲೇ ಸೇರಿದೆಯಾ, ಚುಚ್ಚುವವರು ಯಾರು, ಕಲೆ ಉಳಿದರೆ ಮರು ಭೇಟಿಗೆ ಫೀಸ್ ಇದೆಯಾ, ಇಷ್ಟನ್ನೂ ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಿ.

ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಬರುವುದಿಲ್ಲ, ಖಾಸಗಿ ವಿಮೆಯಲ್ಲೂ ಸಾಮಾನ್ಯವಾಗಿ ಬರುವುದಿಲ್ಲ. ಸೋರಿಕೆ ಇದ್ದು, ಊತ-ಹುಣ್ಣು ಇರುವ ವೆರಿಕೋಸ್ ಆದರೆ ಕಾಯಿಲೆ ಅಂತ ಲೆಕ್ಕ, ಅದಕ್ಕೆ ಕೇಳಿ ನೋಡಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಹಾಲಿನ ಡೇರಿ, ಸೊಸೈಟಿ ಸದಸ್ಯರು ಯಶಸ್ವಿನಿಗೆ ಸೇರಿದ್ದರೆ ಅದನ್ನೂ ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಆದಮೇಲೆ ಕೇಳಿದರೆ ತಡವಾಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ನಿಲ್ಲಿಸಿ ಮಾಡಿದ ಸ್ಕ್ಯಾನ್ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಅಲ್ಲಿನ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಕೌಂಟರ್‌ನಲ್ಲಿ ಯಾವುದು ಯೋಜನೆಗೆ ಬರುತ್ತದೆ, ರೆಫರಲ್ ಬೇಕಾ ಅಂತ ಕೇಳಿ ತಿಳಿದುಕೊಳ್ಳಿ.